ಬೆನ್ನಿಂದ ಮಂಡಿಯವರೆಗೆ ಒಂದು ಸೂಜಿಯ ಪ್ರಯಾಣ

ಇವತ್ತಿನ ಸಂಚಿಕೆ ಮಂಡಿ ಬದಲಾವಣೆ ಆಪರೇಷನ್ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಆಪರೇಷನ್ ಮುಗಿದ ಮೇಲೆ ಬರೋ ನೋವಿನ ಬಗ್ಗೆ, ಮತ್ತು ಆ ನೋವನ್ನ ತಡೆಯೋ ಒಂದು ಇಂಜೆಕ್ಷನ್‌ನ ಚರಿತ್ರೆ ಬಗ್ಗೆ. ‘ನಮಗಿನ್ನೂ ಇಪ್ಪತ್ತೈದು, ಮಂಡಿ ಕಥೆ ನಮಗ್ಯಾಕೆ’ ಅಂತ ಫೋನ್ ಜೇಬಿಗೆ ಹಾಕ್ಕೋಬೇಡಿ. ನಾನಿರೋದು ಮಹದೇವಪುರದಲ್ಲಿ. ಇಲ್ಲಿನ ಅಪಾರ್ಟ್‌ಮೆಂಟ್ ಲಿಫ್ಟುಗಳಲ್ಲಿ ಬೆಳಗ್ಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡಿರೋ ಮಕ್ಕಳ ಪಕ್ಕದಲ್ಲೇ, ಹಾಸನದಿಂದಲೋ ಕೋಲಾರದಿಂದಲೋ ಬಂದು ಅವರ ಜೊತೆ ಇರೋ ಅಪ್ಪ ಅಮ್ಮಂದಿರು ನಿಂತಿರ್ತಾರೆ. ಪಕ್ಕದ ದೂರವಾಣಿನಗರಕ್ಕೆ ಹೋದರೆ ಐಟಿಐ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಎಲ್ಲರ ಬಾಯಲ್ಲೂ ಮಂಡಿ ನೋವು. ನಾಳೆ ಅವರ ಆಪರೇಷನ್ ಅಂತಾದಾಗ ಅನಸ್ತೇಷಿಯಾ ಫಾರಂ ಮೇಲೆ, ಓದದೇ, ಸಹಿ ಹಾಕೋರು ನೀವೇ.

ಮೊದಲು ಈ ನೋವು ಯಾಕೆ ಇಷ್ಟು ಮುಖ್ಯ ಅಂತ ನೋಡೋಣ. ಮಂಡಿ ಬದಲಾವಣೆ ಅಂದ್ರೆ ತೊಡೆ ಮೂಳೆಯ ಕೆಳತುದಿ, ಕಣಕಾಲು ಮೂಳೆಯ ಮೇಲ್ತುದಿ ಎರಡನ್ನೂ ಕೊಯ್ದು, ಅಲ್ಲಿ ಲೋಹ ಮತ್ತು ಪ್ಲಾಸ್ಟಿಕ್‌ನ ಕೀಲು ಕೂರಿಸೋದು. ಮೂಳೆ ಕೊಯ್ದ ನೋವು ಸಣ್ಣದಲ್ಲ. ಬೇರೆ ಎಷ್ಟೋ ಆಪರೇಷನ್‌ಗಳಲ್ಲಿ ಆಮೇಲೆ ಅಲುಗಾಡದೆ ಮಲಗಿದ್ರೆ ನಡೆಯತ್ತೆ. ಇಲ್ಲಿ ಹಾಗಲ್ಲ. ಮರುದಿನವೇ, ಈಗೀಗ ಅವತ್ತೇ ಸಂಜೆ, ವಾಕರ್ ಹಿಡಿದು ಎದ್ದು ನಿಲ್ಲಬೇಕು. ಮಂಡಿ ಮಡಚಬೇಕು. ಮೊದಲ ಕೆಲವು ವಾರ ನೋವಿಗೆ ಹೆದರಿ ಕಾಲು ನೀಟಾಗಿ ಚಾಚಿಕೊಂಡೇ ಇದ್ದರೆ ಒಳಗೆ ಗಾಯದ ಅಂಗಾಂಶ ಬೆಳೆದು ಕೀಲು ಬಿಗಿಯಾಗಿಬಿಡತ್ತೆ. ಆಮೇಲೆ ಲೋಹ ಎಷ್ಟೇ ಒಳ್ಳೇದಿದ್ರೂ ಉಪಯೋಗ ಕಮ್ಮಿ. ಅಂದ್ರೆ ಇಲ್ಲಿ ನೋವು ತಡೆಯೋದು ರೋಗಿಯ ಸಮಾಧಾನಕ್ಕೆ ಮಾತ್ರ ಅಲ್ಲ, ಅದು ಆಪರೇಷನ್‌ನ ಅರ್ಧ ಭಾಗ.

ಆದರೆ ಒಂದು ತೊಡಕಿದೆ. ನೋವು ಹೋಗಬೇಕು, ಕಾಲಿನ ಬಲ ಹೋಗಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸೋಕೆ ವೈದ್ಯರಿಗೆ ನೂರು ವರ್ಷಕ್ಕಿಂತ ಹೆಚ್ಚು ಹಿಡೀತು. ಇವತ್ತಿನ ಕಥೆ ಇದೇ.

ನರ ಅನ್ನೋದನ್ನ ಐಟಿಐ ಪಕ್ಕದಲ್ಲಿ ಬೆಳೆದವನಾಗಿ ಟೆಲಿಫೋನ್ ಲೈನ್ ಅಂತಲೇ ಹೇಳ್ತೀನಿ. ಪ್ಯಾರಾಸಿಟಮಾಲ್, ಮಾರ್ಫಿನ್ ಎಲ್ಲ ಮೈಗೆಲ್ಲ ಹರಡೋ ಔಷಧಗಳು. ಅವು ಕರೆ ಸ್ವೀಕರಿಸೋ ಕಡೆಗೂ ಹೋಗಿ ಕೆಲಸ ಮಾಡ್ತವೆ. ನರ್ವ್ ಬ್ಲಾಕ್ ಹಾಗಲ್ಲ, ಅದು ದಾರಿಯಲ್ಲೇ ಲೈನ್ ತಡೆಯತ್ತೆ. ನರದ ಪಕ್ಕದಲ್ಲಿ ಮರಗಟ್ಟಿಸೋ ಔಷಧ ಬಿಟ್ಟರೆ, ನರದ ಪೊರೆಯಲ್ಲಿ ಸೋಡಿಯಂ ಒಳಗೆ ಬರೋ ಬಾಗಿಲುಗಳು ಮುಚ್ಚಿಕೊಳ್ತವೆ. ವಿದ್ಯುತ್ ಸಂಕೇತ ಮುಂದಕ್ಕೆ ಹೋಗಲ್ಲ. ಮಂಡಿ ಕೂಗ್ತಾನೇ ಇರತ್ತೆ, ಮಿದುಳಿಗೆ ರಿಂಗ್ ಆಗಲ್ಲ. ತೊಂದರೆ ಏನಂದ್ರೆ ದೊಡ್ಡ ನರಗಳಲ್ಲಿ ಎರಡೂ ಕಡೆಯ ಸಂಭಾಷಣೆ ಒಂದೇ ಕೇಬಲ್‌ನಲ್ಲಿ ಹೋಗತ್ತೆ. ಮೇಲಕ್ಕೆ ನೋವಿನ ಸುದ್ದಿ, ಕೆಳಕ್ಕೆ ‘ಕಾಲು ಎತ್ತು’ ಅನ್ನೋ ಆಜ್ಞೆ. ಒಂದನ್ನ ತಡೆದರೆ ಇನ್ನೊಂದೂ ನಿಲ್ಲತ್ತೆ.

ಈಗ ಚರಿತ್ರೆಗೆ ಬರೋಣ. 1884, ವಿಯೆನ್ನಾ. ಸಿಗ್ಮಂಡ್ ಫ್ರಾಯ್ಡ್ ಆಗಿನ್ನೂ ಮನೋವಿಶ್ಲೇಷಣೆಯ ಫ್ರಾಯ್ಡ್ ಆಗಿರಲಿಲ್ಲ, ಕೊಕೇನ್ ಬಗ್ಗೆ ತಲೆಕೆಡಿಸಿಕೊಂಡಿದ್ದ ಒಬ್ಬ ಯುವ ವೈದ್ಯ. ಅವನ ಗೆಳೆಯ ಕಾರ್ಲ್ ಕೋಲರ್ ಕಣ್ಣಿನ ವೈದ್ಯನಾಗೋ ಆಸೆ ಇದ್ದವನು. ಕೊಕೇನ್ ನಾಲಿಗೆಗೆ ತಾಗಿದ್ರೆ ಮರಗಟ್ಟತ್ತೆ ಅನ್ನೋದು ಹಲವರಿಗೆ ಗೊತ್ತಿತ್ತು. ಕೋಲರ್ ಅದನ್ನ ಕಪ್ಪೆಯ ಕಣ್ಣಿಗೆ ಬಿಟ್ಟು ನೋಡಿದ, ಆಮೇಲೆ ತನ್ನ ಕಣ್ಣಿಗೇ ಬಿಟ್ಟುಕೊಂಡ, ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿಕೊಂಡ. ಏನೂ ಗೊತ್ತಾಗಲಿಲ್ಲ. ಸೆಪ್ಟೆಂಬರ್ 15ರಂದು ಹೈಡಲ್‌ಬರ್ಗ್‌ನ ಕಣ್ಣಿನ ವೈದ್ಯರ ಸಮ್ಮೇಳನದಲ್ಲಿ ಈ ಪ್ರಬಂಧ ಓದಲಾಯಿತು. ಓದಿದ್ದು ಬೇರೆಯವರು, ಯಾಕಂದ್ರೆ ಕೋಲರ್ ಹತ್ತಿರ ರೈಲಿಗೆ ದುಡ್ಡಿರಲಿಲ್ಲ. ಫ್ರಾಯ್ಡ್ ಅವನನ್ನ ‘ಕೋಕಾ ಕೋಲರ್’ ಅಂತ ರೇಗಿಸ್ತಿದ್ದನಂತೆ.

ಕೆಲವೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅನ್ನೋ ಸರ್ಜನ್ ಕೊಕೇನನ್ನ ಸೂಜಿಯಿಂದ ನೇರವಾಗಿ ನರದ ಪಕ್ಕಕ್ಕೇ ಚುಚ್ಚಿ ನೋಡಿದರು. ನರ್ವ್ ಬ್ಲಾಕ್ ಹುಟ್ಟಿದ್ದು ಹಾಗೆ. ಅವರು ಮತ್ತು ಸಹೋದ್ಯೋಗಿಗಳು ಪ್ರಯೋಗ ಮಾಡಿದ್ದು ತಮ್ಮ ತಮ್ಮ ಮೈ ಮೇಲೆ. ಬೆಲೆಯನ್ನೂ ತೆತ್ತರು, ಹಾಲ್‌ಸ್ಟೆಡ್ ಕೊಕೇನ್ ಚಟಕ್ಕೆ ಬಿದ್ದರು.

ಆಮೇಲೆ 1898ರ ಆಗಸ್ಟ್ 16. ಈ ದಿನಾಂಕ ನೆನಪಿಟ್ಟುಕೊಳ್ಳಿ, ಬೇಕಾಗತ್ತೆ. ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಅನ್ನೋ ಸರ್ಜನ್, ಕ್ಷಯದಿಂದ ಪಾದದ ಕೀಲು ಕೊಳೆತಿದ್ದ ಒಬ್ಬ ಕೂಲಿಕಾರನ ಬೆನ್ನಿಗೆ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ, ಕೊಕೇನ್ ಕೊಟ್ಟು ಆಪರೇಷನ್ ಮಾಡಿದರು. ಮನುಷ್ಯ ಎಚ್ಚರವಾಗಿದ್ದ, ಕಾಲು ಮಾತ್ರ ಮಲಗಿತ್ತು. ಒಂದು ವಾರ ಕಳೆದ ಮೇಲೆ ಬಿಯರ್ ಮತ್ತು ಸಹಾಯಕ ಹಿಲ್ಡೆಬ್ರಾಂಟ್ ಇದನ್ನ ತಮ್ಮ ಮೇಲೆ ಮಾಡಿಕೊಳ್ಳೋಕೆ ಹೊರಟರು. ಬಿಯರ್ ಬೆನ್ನಿಗೆ ಸೂಜಿ ಹಾಕಿದಾಗ ಸಿರಿಂಜ್ ಸರಿಯಾಗಿ ಕೂರದೆ ಬೆನ್ನಿನ ದ್ರವ ಸೋರಿಹೋಯಿತು. ಸರಿ, ಅದಲು ಬದಲು. ಹಿಲ್ಡೆಬ್ರಾಂಟ್‌ಗೆ ಔಷಧ ಕೊಟ್ಟು ಬಿಯರ್ ಅವನ ಕಾಲಿಗೆ ಉರಿಯೋ ಸಿಗಾರ್ ತಾಗಿಸಿದರು, ಕಣಕಾಲಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರು. ಅವನಿಗೆ ನೋವೇ ಇಲ್ಲ! ರಾತ್ರಿ ಇಬ್ಬರೂ ವೈನ್ ಕುಡಿದು ಸಂಭ್ರಮಿಸಿದರು. ಬಿಯರ್ ಆಮೇಲೆ ತಲೆನೋವಿನಿಂದ ದಿನಗಟ್ಟಲೆ ಹಾಸಿಗೆ ಹಿಡಿದರು. ಬೆನ್ನಿನ ದ್ರವ ಸೋರಿದ್ರೆ ಬರೋ ಆ ತಲೆನೋವು ಇವತ್ತಿಗೂ ಫಾರಂನಲ್ಲಿ ಬರೆದಿರತ್ತೆ.

ಅದೇ ಆಗಸ್ಟ್ ತಿಂಗಳಲ್ಲಿ ಬೆಂಗಳೂರಲ್ಲಿ ಏನಾಗ್ತಿತ್ತು ಗೊತ್ತಾ? ಊರಿಗೆ ಪ್ಲೇಗ್ ಕಾಲಿಟ್ಟಿತ್ತು. ಪ್ಲೇಗ್ ಕೆಲಸಕ್ಕೆ ಅಂತಲೇ ಊರಲ್ಲಿ ಟೆಲಿಫೋನ್ ತಂತಿ ಎಳೆದರು. ದಂಡು ಪ್ರದೇಶದ ಬೌರಿಂಗ್ ಆಸ್ಪತ್ರೆ, ಇವತ್ತಿನ ಶಿವಾಜಿನಗರದ್ದೇ, ಅಷ್ಟೊತ್ತಿಗೆ 30 ವರ್ಷ ಹಳೆಯದು. ಆಗ ನಮ್ಮ ದೇಶದಲ್ಲಿ ಆಪರೇಷನ್ ಅಂದ್ರೆ ಕ್ಲೋರೋಫಾರ್ಮ್. ಅದು ಹೃದಯಕ್ಕೆ ಅಪಾಯವೋ ಉಸಿರಾಟಕ್ಕೋ ಅನ್ನೋ ಜಗಳ ಎಷ್ಟು ದೊಡ್ಡದಾಗಿತ್ತು ಅಂದ್ರೆ, ಹೈದರಾಬಾದ್ ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಕಮಿಷನ್‌ಗಳೇ ನಡೆದವು. ಕಾಲಿನ ಕೆಲಸಕ್ಕೆ ಇಡೀ ಮನುಷ್ಯನನ್ನ ಮಲಗಿಸಬೇಕಾಗಿಲ್ಲ ಅನ್ನೋದು ಆ ಕಾಲಕ್ಕೆ ಎಂಥ ಸುದ್ದಿ ಅಂತ ಯೋಚನೆ ಮಾಡಿ.

ಆದರೆ ಕೊಕೇನ್ ನಂಬೋ ಔಷಧ ಅಲ್ಲ. ಅದರ ಜಾಗಕ್ಕೆ 1904–05ರ ಹೊತ್ತಿಗೆ ನೋವೊಕೇನ್ ಬಂತು. 1943ರಲ್ಲಿ ಸ್ವೀಡನ್‌ನ ರಸಾಯನಶಾಸ್ತ್ರಜ್ಞ ನಿಲ್ಸ್ ಲೋಫ್‌ಗ್ರೆನ್ ಲಿಡೊಕೇನ್ ತಯಾರಿಸಿದರು. ಜೊತೆಗಿದ್ದ ಲುಂಡ್‌ಕ್ವಿಸ್ಟ್ ಅದನ್ನ, ಮತ್ತೆ ಅದೇ ಹಳೇ ಸಂಪ್ರದಾಯದಂತೆ, ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಆಸ್ಟ್ರಾ ಕಂಪನಿ ಅದನ್ನ 1948ರಲ್ಲಿ ಕ್ಸೈಲೊಕೇನ್ ಹೆಸರಲ್ಲಿ ಮಾರುಕಟ್ಟೆಗೆ ತಂತು. ಹಲ್ಲು ಕೀಳಿಸಿಕೊಂಡವರಿಗೆಲ್ಲ ಈ ಹೆಸರು ಗೊತ್ತಿರತ್ತೆ. ಆ ಆಸ್ಟ್ರಾ 1979ರಲ್ಲಿ ಆಸ್ಟ್ರಾ–ಐಡಿಎಲ್ ಅನ್ನೋ ಹೆಸರಲ್ಲಿ ಕಂಪನಿ ಕಟ್ಟಿದ್ದು ಬೇರೆಲ್ಲೂ ಅಲ್ಲ, ನಮ್ಮ ಬೆಂಗಳೂರಲ್ಲಿ. ಈಗ ಅದೇ ಆಸ್ಟ್ರಾಜೆನೆಕಾ ಇಂಡಿಯಾ, ಕಾರ್ಖಾನೆ ಕಟ್ಟಿದ್ದು ಯಲಹಂಕದಲ್ಲಿ. ದೇಶದ ಎಷ್ಟೋ ಆಪರೇಷನ್ ಥಿಯೇಟರ್‌ಗಳಿಗೆ ಹೋದ ಕ್ಸೈಲೊಕೇನ್, ಸೆನ್ಸಾರ್ಕೇನ್ ಬಾಟಲಿಗಳ ಲೇಬಲ್ ಮೇಲೆ ‘ಬೆಂಗಳೂರು’ ಅಂತಿರ್ತಿತ್ತು. ಸೆನ್ಸಾರ್ಕೇನ್ ಅಂದ್ರೆ ಬ್ಯುಪಿವಕೇನ್, ಇದರ ಮೂಲವೂ ಸ್ವೀಡನ್, 1957. ಲಿಡೊಕೇನ್ ಒಂದೆರಡು ಗಂಟೆ ಕೆಲಸ ಮಾಡಿದ್ರೆ ಇದು ತುಂಬ ಹೊತ್ತು ನಿಲ್ಲತ್ತೆ. ಅಕಸ್ಮಾತ್ ರಕ್ತನಾಳಕ್ಕೆ ಹೋದರೆ ಹೃದಯಕ್ಕೆ ಪೆಟ್ಟು, ಅದಕ್ಕೇ ಅಳತೆ ತುಂಬ ಮುಖ್ಯ.

ಇನ್ನು ಕೃತಕ ಮಂಡಿ. 1890ರಲ್ಲೇ ಬರ್ಲಿನ್‌ನ ಥೆಮಿಸ್ಟೊಕ್ಲಿಸ್ ಗ್ಲುಕ್ ಆನೆದಂತದ ಮಂಡಿ ಕೂರಿಸಿದ್ದರು. ಅದು ಕ್ಷಯ ಹತ್ತಿದ ಕೀಲುಗಳಿಗೆ, ಸೋಂಕಿನಿಂದ ನಿಲ್ಲಲಿಲ್ಲ. ಇವತ್ತು ನಾವು ನೋಡೋ ಮಂಡಿಯ ಅಜ್ಜ ಅಂದ್ರೆ 1974ರಲ್ಲಿ ನ್ಯೂಯಾರ್ಕ್‌ನಲ್ಲಿ ಜಾನ್ ಇನ್‌ಸಾಲ್ ತಂಡ ಮಾಡಿದ ಕೀಲು. ಆವಾಗಿನಿಂದ ಆಪರೇಷನ್ ಮಾಮೂಲಿ ಆಗ್ತಾ ಬಂತು, ನೋವಿನ ಪ್ರಶ್ನೆಯೂ ದೊಡ್ಡದಾಯ್ತು.

ಮೊದಲ ಉತ್ತರ ಬೆನ್ನಲ್ಲೇ ಇತ್ತು. ಎಪಿಡ್ಯೂರಲ್, ಅಂದ್ರೆ ಬೆನ್ನಲ್ಲಿ ಸಣ್ಣ ನಳಿಕೆ ಇಟ್ಟು ಎರಡು ಮೂರು ದಿನ ಔಷಧ ಬಿಡೋದು. ನೋವು ಚೆನ್ನಾಗಿ ಹೋಗತ್ತೆ. ಆದರೆ ಎರಡೂ ಕಾಲು ಭಾರ, ಬಿಪಿ ಇಳಿಯತ್ತೆ, ಮೂತ್ರ ಕಟ್ಟತ್ತೆ. ಜೊತೆಗೆ, ಮಂಡಿ ಆಪರೇಷನ್ ಆದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ರಕ್ತ ತೆಳುವಾಗಿಸೋ ಇಂಜೆಕ್ಷನ್ ಕೊಡ್ತಾರೆ. ಅದೂ ಇದೂ ಸೇರಿದ್ರೆ ಬೆನ್ನುಹುರಿ ಪಕ್ಕ ರಕ್ತ ಸೋರಿ ಕಾಲೇ ಸ್ವಾಧೀನ ತಪ್ಪೋ ಅಪಾಯ. 1997ರಲ್ಲಿ ಅಮೆರಿಕದ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಹಾಗಾಗಿ ಸೂಜಿ ಬೆನ್ನು ಬಿಟ್ಟು ತೊಡೆಸಂದಿಗೆ ಇಳಿಯಿತು. ಅಲ್ಲಿ ಫೀಮೊರಲ್ ಅನ್ನೋ ದಪ್ಪ ನರ ಇದೆ. 1973ರಲ್ಲಿ ಅಮೆರಿಕದ ಅಲೊನ್ ವಿನ್ನಿ ಅಲ್ಲೊಂದೇ ಚುಚ್ಚಿನಲ್ಲಿ ಮೂರು ನರ ಹಿಡಿಯಬಹುದು ಅಂತ ‘ಥ್ರೀ ಇನ್ ಒನ್’ ಬ್ಲಾಕ್ ಹೇಳಿಕೊಟ್ಟರು. 1999ರಲ್ಲಿ ಫ್ರಾನ್ಸ್‌ನ ಕ್ಯಾಪ್ಡೆವಿಲ ತಂಡ ದೊಡ್ಡ ಮಂಡಿ ಆಪರೇಷನ್ ಆದ 56 ಜನರನ್ನ ನೋಡಿತು. ಮಾರ್ಫಿನ್ ಮೇಲಿದ್ದವರು ಪುನಶ್ಚೇತನ ಕೇಂದ್ರದಲ್ಲಿ ಸುಮಾರು 50 ದಿನ ಇರಬೇಕಾಯಿತು, ಫೀಮೊರಲ್ ಬ್ಲಾಕ್ ಪಡೆದವರು ಸುಮಾರು 40. ನೋವು ಕಮ್ಮಿ ಇದ್ದಿದ್ದಕ್ಕೆ ಮಂಡಿ ಬೇಗ ಮಡಚಿತು, ಅಷ್ಟೇ ಲೆಕ್ಕ.

ಆಗೆಲ್ಲ ಸೂಜಿ ಹಾಕ್ತಿದ್ದದ್ದು ಅಂದಾಜಿನಲ್ಲಿ. ನಾಡಿ ಮುಟ್ಟಿ ನೋಡೋದು, ಅದರ ಪಕ್ಕ ಚುಚ್ಚೋದು, ರೋಗಿ ‘ಝುಂ ಅಂತು’ ಅಂದ್ರೆ ಸರಿ ಜಾಗ. ಆಮೇಲೆ ಕರೆಂಟ್ ಕೊಟ್ಟು ಸ್ನಾಯು ಕುಣಿಯತ್ತಾ ನೋಡೋ ಯಂತ್ರ. ನಿಜವಾದ ಬದಲಾವಣೆ ತಂದಿದ್ದು ಅಲ್ಟ್ರಾಸೌಂಡ್, ಅದೂ ಮತ್ತೆ ವಿಯೆನ್ನಾದಿಂದಲೇ. 1997ರಲ್ಲಿ ಪೀಟರ್ ಮಾರ್ಹೋಫರ್ ತಂಡ ಥ್ರೀ ಇನ್ ಒನ್ ಬ್ಲಾಕನ್ನ ಪರದೆ ಮೇಲೆ ನೋಡ್ತಾ ಮಾಡಿ ತೋರಿಸಿತು. ಸೂಜಿ, ನರ, ರಕ್ತನಾಳ ಮೂರೂ ಕಣ್ಣೆದುರು. ಔಷಧವೂ ಕಡಿಮೆ ಸಾಕು.

ನಮ್ಮಲ್ಲಿ ಇದಕ್ಕೊಂದು ಬೇರೆಯದೇ ಗಂಟು. ಹೆಣ್ಣು ಭ್ರೂಣ ಹತ್ಯೆ ತಡೆಯೋಕೆ ಬಂದ 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಇದೆಯಲ್ಲ, ಅದರಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿ ಆಗಬೇಕು. ತೊಡೆಯ ನರ ನೋಡೋ ಯಂತ್ರವೂ ಅಷ್ಟೇ. ಬೆಂಗಳೂರಲ್ಲಿ ಒಂದು ನರ್ಸಿಂಗ್ ಹೋಮ್‌ನಿಂದ ಇನ್ನೊಂದಕ್ಕೆ ಓಡಾಡ್ತಾ ಕೆಲಸ ಮಾಡೋ ಅರಿವಳಿಕೆ ವೈದ್ಯರು ತುಂಬ ಜನ. ಅವರು ಸ್ವಂತ ಯಂತ್ರವನ್ನ ಬ್ಯಾಗಲ್ಲಿ ಹಾಕ್ಕೊಂಡು ಬೇಕಾದ ಕಡೆ ತಗೊಂಡು ಹೋಗೋ ಹಾಗಿಲ್ಲ. ಕಾಯ್ದೆ ತಪ್ಪು ಅಂತ ನಾನು ಹೇಳ್ತಿಲ್ಲ, ಅದು ಯಾಕೆ ಬಂತು ಅಂತ ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಅಮ್ಮನಿಗೆ ನೋಡಿಕೊಂಡು ಸೂಜಿ ಹಾಕ್ತಾರೋ ಅಂದಾಜಿನಲ್ಲೋ ಅನ್ನೋದು, ಆ ಆಸ್ಪತ್ರೆಯಲ್ಲಿ ನೋಂದಾಯಿತ ಯಂತ್ರ ಥಿಯೇಟರ್ ಒಳಗೆ ಇದೆಯಾ ಅನ್ನೋದರ ಮೇಲೆ ನಿಂತಿರತ್ತೆ.

ಫೀಮೊರಲ್ ಬ್ಲಾಕ್ ಇಷ್ಟು ಚೆನ್ನಾಗಿದ್ದ ಮೇಲೆ ಕಥೆ ಅಲ್ಲಿಗೇ ಮುಗೀಬೇಕಿತ್ತು. ಮುಗೀಲಿಲ್ಲ, ಯಾಕಂದ್ರೆ ಜನ ಬೀಳೋಕೆ ಶುರು ಮಾಡಿದರು. ಅದೇ ಎರಡು ಕಡೆಯ ಕೇಬಲ್ ಸಮಸ್ಯೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವೂ ಫೀಮೊರಲ್ ನರದ ಕೈಯಲ್ಲೇ ಇರೋದು. ನೋವಿಲ್ಲ, ಚೆನ್ನಾಗಿದೀನಿ ಅಂತ ರೋಗಿ ಬಾತ್‌ರೂಮಿಗೆ ಎದ್ದರೆ ಮಂಡಿ ಸಡಿಲವಾಗಿ ಮಡಚಿಕೊಳ್ತಿತ್ತು. 2010ರಲ್ಲಿ ಬ್ರಯಾನ್ ಇಲ್‌ಫೆಲ್ಡ್ ತಂಡ ಮಂಡಿ ಮತ್ತು ಸೊಂಟದ ಕೀಲು ಬದಲಾಯಿಸಿದವರ ಮೂರು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿತು. ನಳಿಕೆಯಲ್ಲಿ ಬರೀ ಉಪ್ಪುನೀರು ಹೋದ 86 ಜನರಲ್ಲಿ ಒಬ್ಬರೂ ಬಿದ್ದಿರಲಿಲ್ಲ. ಔಷಧ ಹೋದ 85 ಜನರಲ್ಲಿ 7 ಸಲ ಬಿದ್ದದ್ದು ದಾಖಲಾಗಿತ್ತು. ಹೊಸ ಕೀಲು ಹಾಕಿಸಿಕೊಂಡು ಎರಡನೇ ದಿನ ಬೀಳೋದು ಅಂದ್ರೆ ಹೊಲಿಗೆ ಬಿಚ್ಚಬಹುದು, ಮೂಳೆ ಮುರೀಬಹುದು.

ಸೂಜಿ ಇನ್ನೂ ಕೆಳಗೆ ಇಳಿಯಿತು. ತೊಡೆಯ ಮಧ್ಯಭಾಗದ ಒಳಮಗ್ಗುಲಲ್ಲಿ ಸ್ನಾಯುಗಳ ನಡುವೆ ಒಂದು ಸುರಂಗ ಇದೆ, ಅಡಕ್ಟರ್ ಕೆನಾಲ್ ಅಂತಾರೆ. ಅಲ್ಲಿಗೆ ಬರೋ ಹೊತ್ತಿಗೆ ಫೀಮೊರಲ್ ನರ ಸ್ನಾಯುವಿಗೆ ಕೊಡಬೇಕಾದ ಹೆಚ್ಚಿನ ಕೊಂಬೆಗಳನ್ನ ಮೇಲೇ ಕೊಟ್ಟಾಗಿರತ್ತೆ. ಉಳಿದಿರೋದು ಬಹುಪಾಲು ಸ್ಪರ್ಶ, ನೋವಿನ ಎಳೆಗಳು. 2011ರಲ್ಲಿ ಡೆನ್ಮಾರ್ಕ್‌ನ ವೈದ್ಯರು ಮಂಡಿ ಆಪರೇಷನ್ ಆದವರಿಗೆ ಇಲ್ಲಿ ನಳಿಕೆ ಇಟ್ಟು ನೋಡಿದರು. 2013ರಲ್ಲಿ ಅಲ್ಲಿಯವರೇ ಆರೋಗ್ಯವಂತ ಸ್ವಯಂಸೇವಕರ ಕಾಲಿನ ಬಲ ಅಳೆದರು. ತೊಡೆಸಂದಿನ ಬ್ಲಾಕ್‌ನಿಂದ ಬಲ 49% ಕುಸಿದಿತ್ತು, ಅಡಕ್ಟರ್ ಕೆನಾಲ್ ಬ್ಲಾಕ್‌ನಿಂದ ಬರೀ 8%. ನನ್ನ ಲೆಕ್ಕದಲ್ಲಿ ಈ ಇಡೀ ಚರಿತ್ರೆಯಲ್ಲಿ ಬಿಯರ್‌ನ ಸುತ್ತಿಗೆಗಿಂತ ದೊಡ್ಡ ಘಟನೆ ಇದು. ನೋವಿನ ಎಳೆ, ಬಲದ ಎಳೆ ಎರಡನ್ನೂ ಬೇರೆ ಮಾಡೋಕೆ ಆಗಿದ್ದು ಹೊಸ ಔಷಧದಿಂದ ಅಲ್ಲ, ಅದೇ ಔಷಧವನ್ನ ಕೆಲವು ಇಂಚು ಕೆಳಗೆ ಬಿಟ್ಟಿದ್ದರಿಂದ.

ಮಂಡಿಯ ಹಿಂಭಾಗ ಮಾತ್ರ ಉಳಿದುಕೊಂಡಿತ್ತು. ಆ ಕಡೆಯ ನರಗಳು ಬೇರೆ. ಅದಕ್ಕೆ 2012ರಲ್ಲಿ ಅಮೆರಿಕದಲ್ಲಿ ಸಂಜಯ್ ಸಿನ್ಹಾ ‘ಐಪ್ಯಾಕ್’ ಅನ್ನೋ ಬ್ಲಾಕ್ ವಿವರಿಸಿದರು, ಮಂಡಿ ಹಿಂದಿನ ರಕ್ತನಾಳ ಮತ್ತು ಕೀಲಿನ ಚೀಲದ ನಡುವೆ ಔಷಧ ಬಿಡೋದು. ಇತ್ತ ಸಿಡ್ನಿಯ ಕೆರ್ ಮತ್ತು ಕೋಹನ್ 2008ರಲ್ಲೇ ‘ನರ ಹುಡುಕೋ ರಗಳೆಯೇ ಬೇಡ, ಸರ್ಜನ್ ಹೊಲಿಗೆ ಹಾಕೋ ಮುಂಚೆ ಕೀಲಿನ ಸುತ್ತ ಔಷಧ ತುಂಬಿಬಿಡಲಿ’ ಅಂದಿದ್ದರು. ಹಾಗೆ ತುಂಬಿದ ಮೇಲೂ ಐಪ್ಯಾಕ್ ಬೇಕಾ ಬೇಡವಾ ಅನ್ನೋದು ಈಗಲೂ ವಾದ.

ಈಗ ಆ ದಿನಾಂಕಕ್ಕೆ ಬರೋಣ. ಬಿಯರ್ ಕೂಲಿಕಾರನ ಬೆನ್ನಿಗೆ ಸೂಜಿ ಹಾಕಿ ಸರಿಯಾಗಿ 119 ವರ್ಷದ ಮೇಲೆ, 2017ರ ಆಗಸ್ಟ್ 16ರಂದು, ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಘೋಷಿಸಿದ್ದು ಆಗಿನ ಸಚಿವ, ನಮ್ಮ ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್. ಸರಾಸರಿ ₹1,58,324 ಇದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿ, ಜಿಎಸ್‌ಟಿ ಬಿಟ್ಟು ₹54,720ಕ್ಕೆ ಇಳಿಯಿತು. ಮಧ್ಯಮ ವರ್ಗದ ಎಷ್ಟೋ ಮನೆಗಳು ಆಪರೇಷನ್ ಬಗ್ಗೆ ಯೋಚಿಸಿದ್ದೇ ಆಮೇಲೆ. ಅವತ್ತಿನಿಂದ ನಮ್ಮ ಕಡೆ ಆಸ್ಪತ್ರೆಗೆ ಹೋದವರು ಲೋಹ ಯಾವ ಕಂಪನಿದು ಅಂತ ಕೇಳ್ತಾರೆ. ನೋವಿಗೆ ಏನು ಮಾಡ್ತೀರಿ ಅಂತ ಕೇಳೋರು ಕಮ್ಮಿ.

ಕೇಳಬೇಕಾದದ್ದು ನಮ್ಮ ದೇಶದಲ್ಲೇ ಹೆಚ್ಚು. ಕಾನೂನುಬದ್ಧವಾಗಿ ಅಫೀಮು ಬೆಳೆಯೋ ಕೆಲವೇ ದೇಶಗಳಲ್ಲಿ ಭಾರತ ಒಂದು. ಆದರೂ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಮೇಲೆ ಲೈಸೆನ್ಸ್ ಬೇಕಾಗಿ ಬಹಳ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. 2014ರ ತಿದ್ದುಪಡಿ ಇದನ್ನ ಸ್ವಲ್ಪ ಸಡಿಲ ಮಾಡಿತು. 2018ರಲ್ಲಿ ಟ್ರಾಮಡಾಲ್ ಕೂಡ ಆ ಕಾಯ್ದೆಯೊಳಗೆ ಬಂತು. ಉಳಿದ ನೋವಿನ ಮಾತ್ರೆಗಳು ಶುಗರ್ ಇದ್ದು ಕಿಡ್ನಿ ಸೋತಿರೋ ವಯಸ್ಸಾದವರಿಗೆ ಒಗ್ಗಲ್ಲ. ಇಂಥ ಕಡೆ, ಮಾರ್ಫಿನ್ ಧಾರಾಳವಾಗಿರೋ ದೇಶಕ್ಕಿಂತ ಬ್ಲಾಕ್‌ನ ಬೆಲೆ ಜಾಸ್ತಿ.

ಇಷ್ಟೆಲ್ಲ ನಾನು ಓದೋಕೆ ಶುರು ಮಾಡಿದ್ದು ನಮ್ಮ ದೊಡ್ಡಮ್ಮನ ಬಲಗಾಲಿನ ಆಪರೇಷನ್ ಆದ ರಾತ್ರಿ. ಆಸ್ಪತ್ರೆ ಈ ಕಡೆಯದೇ, ಹೆಸರು ಬೇಡ. ಸಂಜೆ ಕಾಫಿ ಕುಡೀತಾ ‘ಏನೂ ಇಲ್ಲ ಕಣೋ, ಸುಮ್ನೆ ಹೆದರಿಸಿದ್ರು ಎಲ್ಲಾ’ ಅಂತಿದ್ದರು. ನರ್ಸ್ ಬಂದು ‘ನೋವು ಹತ್ತಕ್ಕೆ ಎಷ್ಟಮ್ಮ’ ಅಂದ್ರೆ ‘ಸೊನ್ನೆ’ ಅಂದರು, ಮೇಷ್ಟ್ರಾಗಿದ್ದವರು, ಸೊನ್ನೆ ಕೊಡೋದರಲ್ಲಿ ಅವರಿಗೆ ಅಭ್ಯಾಸವಿತ್ತು. ರಾತ್ರಿ ಎರಡೂವರೆಗೆ ಬ್ಲಾಕ್ ಇಳಿಯಿತು. ನಿಧಾನಕ್ಕೆ ಅಲ್ಲ, ಅಣೆಕಟ್ಟಿನ ಗೇಟ್ ತೆಗೆದ ಹಾಗೆ. ಹೀಗೆ ಒಮ್ಮೆಲೇ ಮರುಕಳಿಸೋ ನೋವು ವೈದ್ಯರಿಗೆ ಗೊತ್ತಿರೋ ವಿಷಯವೇ. ಒಂದು ಸಲ ಕೊಟ್ಟ ಬ್ಲಾಕ್ ಅರ್ಧ ದಿನವೋ ಒಂದು ದಿನವೋ ನಿಲ್ಲತ್ತೆ, ಅದು ಇಳಿಯೋ ಮುಂಚೆಯೇ ಮಾತ್ರೆ ಕೊಟ್ಟಿರಬೇಕು. ಅದನ್ನ ನಮಗೆ ಯಾರೂ ಹೇಳಿರಲಿಲ್ಲ, ವಾರ್ಡಿನವರಿಗೂ ಬರೆದುಕೊಟ್ಟಿರಲಿಲ್ಲ. ಆರ್ಡರ್ ಬರೆಯೋಕೆ ಡ್ಯೂಟಿ ಡಾಕ್ಟರ್ ಬರೋವರೆಗೆ ಒಂದು ಗಂಟೆ. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ ಜಾಗದಲ್ಲಿ ಬೆಳಗ್ಗೆ ಉಗುರಿನ ಗುರುತಿತ್ತು. ಮರುದಿನ ಫಿಸಿಯೋದವರು ಬಂದಾಗ ಕಾಲು ಮುಟ್ಟೋಕೇ ಬಿಡಲಿಲ್ಲ. ಆ ಮಂಡಿ ಸರಿಯಾಗಿ ಮಡಚೋಕೆ ತಿಂಗಳುಗಟ್ಟಲೆ ಹಿಡೀತು.

ಎಂಟು ತಿಂಗಳ ಮೇಲೆ ಎಡಗಾಲು, ಈ ಸಲ ಬೇರೆ ಆಸ್ಪತ್ರೆ. ಅರಿವಳಿಕೆ ಡಾಕ್ಟರ್ ಹಿಂದಿನ ದಿನ ನೋಡೋಕೆ ಬಂದರು, ವಯಸ್ಸಲ್ಲಿ ನನಗಿಂತ ಚಿಕ್ಕವರು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ, ‘ನೀವು ಕೊಡೋದು ಎಷ್ಟು ಗಂಟೆಗೆ ಇಳಿಯತ್ತೆ ಮೇಡಂ?’ ಆ ಡಾಕ್ಟರ್ ನಕ್ಕು, ತೊಡೆಯ ಒಳಮಗ್ಗುಲು ಮತ್ತು ಮಂಡಿ ಹಿಂದೆ ಎರಡು ಕಡೆ ಕೊಡ್ತೀನಿ, ಬೆಳಗಿನ ಜಾವ ಇಳೀಬಹುದು, ಒಬ್ಬರೇ ಎದ್ದು ಬಾತ್‌ರೂಮಿಗೆ ಮಾತ್ರ ಹೋಗಬೇಡಿ ಅಂದರು. ಆಮೇಲೆ ಚಾರ್ಟ್ ತಗೊಂಡು, ರಾತ್ರಿ 10ಕ್ಕೆ ಒಂದು, ಬೆಳಗಿನ ಜಾವ 4ಕ್ಕೆ ಎಬ್ಬಿಸಿ ಇನ್ನೊಂದು ಮಾತ್ರೆ ಅಂತ ಬರೆದು ಕೆಳಗೆ ಗೆರೆ ಎಳೆದರು. ನಾಲ್ಕಕ್ಕೆ ನರ್ಸ್ ಎಬ್ಬಿಸಿದಾಗ ದೊಡ್ಡಮ್ಮ ‘ನಿದ್ದೆ ಕೆಡಿಸ್ತೀರಲ್ರೀ’ ಅಂತ ಬೈದರು.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.